ನಿಷ್ಠೆ 73 ಅಂದರೆ ಏನು? ಸಿಮ್ಯುಲೇಶನ್ ಆಟಗಳಲ್ಲಿ ಸಂಬಂಧ ಮತ್ತು ಜಗತ್ತು ಕಟ್ಟುವ ಬಗ್ಗೆ

ಹಳೆಯ ಕಂಪ್ಯೂಟರ್ ಆಟವೊಂದರಿಂದ ಶುರು ಮಾಡೋಣ. ಜಪಾನಿನ ಕೊಯಿ ಕಂಪನಿ 1985ರಲ್ಲಿ 'ರೊಮ್ಯಾನ್ಸ್ ಆಫ್ ದಿ ತ್ರೀ ಕಿಂಗ್‌ಡಮ್ಸ್' ಅನ್ನೋ ಆಟ ತಂದಿತು. ಹಳೆಯ ಚೀನಾ ಒಡೆದು ಮೂರು ರಾಜ್ಯವಾದ ಕಾಲದ ಆಟ. ನೀವು ಒಬ್ಬ ದೊರೆ, ನಿಮ್ಮ ಕೈಕೆಳಗೆ ಒಂದಷ್ಟು ಸರದಾರರು. ಪ್ರತಿಯೊಬ್ಬನ ಹೆಸರಿನ ಮುಂದೆಯೂ ಅಂಕಿಗಳಿರುತ್ತವೆ. ಅದರಲ್ಲಿ ಒಂದು ನಿಷ್ಠೆ, ನೂರಕ್ಕೆ ಇಷ್ಟು ಅಂತ. ಅಂಕಿ ಇಳಿದರೆ ಎದುರಾಳಿ ಅವನನ್ನು ತನ್ನ ಕಡೆ ಎಳೆದುಕೊಳ್ಳಬಹುದು. ಏರಬೇಕೆಂದರೆ ಚಿನ್ನ ಕೊಡಬೇಕು.

ಇಂಥ ಆಟ ಆಡಿದವರು ಏನು ಮಾಡ್ತಾರೆ ಅಂತ ನಿಮಗೆ ಗೊತ್ತು. ಪಟ್ಟಿ ತೆಗೆಯೋದು, ಅಂಕಿ ಕಡಿಮೆ ಇರುವವರನ್ನು ಹುಡುಕೋದು, ಒಬ್ಬೊಬ್ಬರಿಗೇ ಚಿನ್ನ ಹಂಚೋದು. ಕರೆಂಟ್ ಬಿಲ್ ಕಟ್ಟುವ ಹಾಗೆ. ನಿಷ್ಠೆ ಅಷ್ಟಕ್ಕೇ ಮುಗಿಯಿತು. ಕೊಯಿಯವರಿಗೂ ಇದು ಗೊತ್ತಾಗಿರಬೇಕು. ಮುಂದಿನ ಆವೃತ್ತಿಗಳಲ್ಲಿ ಕಣ್ಣಿಗೆ ಕಾಣದ ಒಂದೆರಡು ಗುಣ ಸೇರಿಸಿದರು: ಯಾರಿಗೆ ಯಾರ ಜೊತೆ ಹೊಂದುತ್ತದೆ, ಯಾರಿಗೆ ಕೊಟ್ಟ ಮಾತು ದೊಡ್ಡದು ಅಂತ. ಆಗ ಒಂದೇ ಚಿನ್ನ ಎಲ್ಲರ ಮೇಲೂ ಒಂದೇ ಥರ ಕೆಲಸ ಮಾಡುವುದು ನಿಂತಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬ ಸರದಾರನ ನಿಷ್ಠೆ 73. ಯಾಕೆ 73? ಕಳೆದ ವರ್ಷ 81 ಇತ್ತಲ್ಲ, ಆ ಎಂಟು ಎಲ್ಲಿ ಹೋಯಿತು? ಆಟಗಾರ ಇದನ್ನು ಕೇಳಿದಾಗ ಆಟದ ಹತ್ತಿರ ಉತ್ತರ ಇರಬೇಕು. ಇವತ್ತು ನಾನು ಮಾತಾಡೋದೆಲ್ಲ ಆ ಉತ್ತರ ಎಲ್ಲಿಂದ ಬರಬೇಕು ಅನ್ನೋದರ ಬಗ್ಗೆಯೇ. ನನ್ನ ಪ್ರಕಾರ ಅದು ನೆಲದಿಂದ ಬರಬೇಕು. ನೆಲ ಅಂದರೆ ಮ್ಯಾಪು. ಅದಕ್ಕೇ ನಿಷ್ಠೆ ಮತ್ತು ಜಗತ್ತಿನ ರಚನೆ, ಎರಡನ್ನೂ ಒಂದೇ ಉಪನ್ಯಾಸದಲ್ಲಿ ಇಟ್ಟುಕೊಂಡಿದ್ದೇನೆ. ಸಾಮಾನ್ಯವಾಗಿ ಇವನ್ನು ಬೇರೆ ಬೇರೆ ಜನ, ಬೇರೆ ಬೇರೆ ಫೈಲಿನಲ್ಲಿ, ಒಬ್ಬರನ್ನೊಬ್ಬರು ಕೇಳದೆ ಬರೆಯುತ್ತಾರೆ.

'ಯಾಕೆ' ಅನ್ನೋ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟ ಆಟ ಅಂದರೆ 'ಕ್ರುಸೇಡರ್ ಕಿಂಗ್ಸ್'. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯದ್ದು. ಎರಡನೆಯ ಆವೃತ್ತಿ 2012ರಲ್ಲಿ ಬಂತು, ಮೂರನೆಯದು 2020ರಲ್ಲಿ. ಅಲ್ಲಿ ಒಬ್ಬ ಸಾಮಂತನಿಗೆ ನಿಮ್ಮ ಬಗ್ಗೆ ಇರುವ ಅಭಿಪ್ರಾಯ ಮೈನಸ್ ನೂರರಿಂದ ಪ್ಲಸ್ ನೂರರವರೆಗೆ. ಅಂಕಿಯ ಮೇಲೆ ಮೌಸ್ ಇಟ್ಟರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಉಡುಗೊರೆ ಕೊಟ್ಟಿದ್ದಕ್ಕೆ ಇಷ್ಟು, ಧರ್ಮ ಬೇರೆ ಅಂತ ಇಷ್ಟು ಕಡಿಮೆ, ತನಗೆ ಸೇರಬೇಕಾದ ಊರು ನಿಮ್ಮ ಹತ್ತಿರ ಇದೆ ಅಂತ ಇನ್ನಷ್ಟು ಕಡಿಮೆ. ಕೆಲವು ಸಾಲುಗಳಿಗೆ ಅವಧಿ ಕೂಡ ಇರುತ್ತದೆ, ಇಷ್ಟು ವರ್ಷ ಆದಮೇಲೆ ಮರೆತುಹೋಗುತ್ತದೆ. ಒಂದು ಅಂಕಿಯನ್ನು ಕಾರಣಗಳ ಪಟ್ಟಿಯಾಗಿ ಬಿಡಿಸಿ ತೋರಿಸಿದ್ದು ದೊಡ್ಡ ಕೆಲಸ. ಆಟಗಾರ ಅಲ್ಲಿ ಓದುತ್ತಿರುವುದು ಒಂದು ಚಿಕ್ಕ ಕಥೆಯನ್ನೇ.

ತೊಂದರೆ ಎಲ್ಲಿದೆ ಅಂದರೆ, ಪಟ್ಟಿ ಕೊನೆಗೆ ಕೂಡಿಸುವ ಲೆಕ್ಕ. ಬರೀ ಕೂಡಿ ಕಳೆಯುವ ಒಂದು ಆಟವನ್ನು ಊಹಿಸಿಕೊಳ್ಳಿ. ನನ್ನ ಅಪ್ಪನನ್ನು ಕೊಂದಿರಿ, ಮೈನಸ್ ನಲವತ್ತು. ಹಬ್ಬದ ಊಟಕ್ಕೆ ಕರೆದಿರಿ, ಪ್ಲಸ್ ಹದಿನೈದು. ಒಂದು ಬಿರುದು ಕೊಟ್ಟಿರಿ, ಒಂದು ಕುದುರೆ ಕೊಟ್ಟಿರಿ, ಪ್ಲಸ್ ಇಪ್ಪತ್ತೈದು. ಮೊತ್ತ ಸೊನ್ನೆ. ಅಂದರೆ ನನಗೂ ನಿಮಗೂ ಏನೂ ಇಲ್ಲ! ಯಾವ ಊರಿನಲ್ಲಿ ಹೀಗೆ ನಡೆಯುತ್ತದೆ ಹೇಳಿ? ಪ್ಯಾರಡಾಕ್ಸ್‌ನವರೂ ಎಲ್ಲವನ್ನೂ ಮೊತ್ತಕ್ಕೆ ಬಿಡಲಿಲ್ಲ. ವೈರಿ, ಗೆಳೆಯ ಅನ್ನೋದನ್ನು ಪ್ರತ್ಯೇಕ ಸ್ಥಿತಿಗಳಾಗಿ ಇಟ್ಟರು. ಮೂರನೆಯ ಆವೃತ್ತಿಯಲ್ಲಿ 'ಹುಕ್' ತಂದರು. ನಿಮ್ಮ ಗುಟ್ಟು ನನಗೆ ಗೊತ್ತು, ಅಥವಾ ನಿಮ್ಮ ಮೇಲೆ ನನ್ನದೊಂದು ಉಪಕಾರದ ಸಾಲ ಇದೆ. ಅದು ಅಭಿಪ್ರಾಯದ ಲೆಕ್ಕಕ್ಕೆ ಸೇರುವುದಿಲ್ಲ. ನೀವು ನನ್ನನ್ನು ದ್ವೇಷಿಸುತ್ತಲೇ ನನ್ನ ಮಾತು ಕೇಳಬೇಕಾಗಿ ಬರಬಹುದು.

ಇಲ್ಲಿ ನಮ್ಮ ಶಾಸನಗಳ ಕಡೆ ಸ್ವಲ್ಪ ತಿರುಗುತ್ತೇನೆ. ವಿಷಯ ಬಿಟ್ಟು ಹೋಗ್ತಿದ್ದಾನೆ ಅಂದುಕೊಳ್ಳಬೇಡಿ. ನಾವು ಕೆಲವರು ಸೇರಿ ಪಾಳೆಯಗಾರರ ಕಾಲದ ಒಂದು ಸಿಮ್ಯುಲೇಶನ್ ಆಟ ಕಟ್ಟುತ್ತಿದ್ದೇವೆ. ಅದಕ್ಕಾಗಿ ಓದುವಾಗ ಸಿಕ್ಕಿದ್ದು ಇದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ, ಹಳೆಯ ಕಾವ್ಯಗಳಲ್ಲಿ ನಿಷ್ಠೆ ಒಂದೇ ಬಗೆಯದಲ್ಲ. ಜೋಳವಾಳಿ ಅಂತ ಒಂದಿದೆ. ಒಡೆಯನ ಅನ್ನ ಉಂಡಿದ್ದೇನೆ, ಆ ಋಣ ರಣರಂಗದಲ್ಲಿ ತೀರಿಸುತ್ತೇನೆ ಅನ್ನೋದು. ವೇಳೆವಾಳಿ ಅಂತ ಇನ್ನೊಂದು. ಒಡೆಯ ಸತ್ತರೆ ನಾನೂ ಬದುಕುವುದಿಲ್ಲ ಅನ್ನೋ ಪ್ರತಿಜ್ಞೆ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬ ನೋಡಿರುತ್ತೀರಿ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಮತ್ತು ಸಂಗಡಿಗರ ಸಮೇತ ಪ್ರಾಣ ಬಿಟ್ಟದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ಇನ್ನು ವಿಜಯನಗರದ ಕಾಲಕ್ಕೆ ಬಂದರೆ ಅಮರನಾಯಕರು. ದೊರೆ ಸೀಮೆ ಕೊಡುತ್ತಾನೆ, ನಾಯಕ ಅದರ ಹುಟ್ಟುವಳಿಯಲ್ಲಿ ದಂಡು ಸಾಕುತ್ತಾನೆ, ದೊರೆಗೆ ಪಾಲು ಕಳಿಸುತ್ತಾನೆ. ಇದು ಹೆಚ್ಚುಕಡಿಮೆ ಒಪ್ಪಂದ.

ಆಟ ಕಟ್ಟುವವರಿಗೆ ಇದರಲ್ಲಿ ಏನಿದೆ? ಒಂದೊಂದು ಬಗೆಯ ನಿಷ್ಠೆ ಒಂದೊಂದು ರೀತಿ ಮುರಿಯುತ್ತದೆ. ಅನ್ನದ ಋಣ ಅನ್ನ ನಿಂತಾಗ ಸಡಿಲವಾಗುತ್ತದೆ, ಆದರೆ ನಿಧಾನಕ್ಕೆ. ಹಳೆಯ ಊಟದ ನೆನಪು ಸ್ವಲ್ಪ ದಿನ ಕಾಯುತ್ತದೆ. ಪ್ರತಿಜ್ಞೆ ಹಸಿವಿಗೆ ಜಗ್ಗುವುದಿಲ್ಲ, ಆದರೆ ಅದು ಒಬ್ಬ ವ್ಯಕ್ತಿಗೆ ಕಟ್ಟಿದ್ದು. ದೊರೆ ಸತ್ತ ಮೇಲೆ ಮಗನಿಗೆ ವರ್ಗವಾಗುವುದಿಲ್ಲ. ಒಪ್ಪಂದದ ನಿಷ್ಠೆ ದೊರೆ ದುರ್ಬಲ ಅಂತ ಗೊತ್ತಾದ ದಿನವೇ ಹೋಗುತ್ತದೆ. 1565ರ ಯುದ್ಧದಲ್ಲಿ ವಿಜಯನಗರ ಸೋತಮೇಲೆ ನಾಯಕರು ಒಬ್ಬೊಬ್ಬರಾಗಿ ಸ್ವತಂತ್ರರಾಗುತ್ತಾ ಹೋದರಲ್ಲ, ಅಲ್ಲಿ ಯಾರೂ ಒಂದೇ ರಾತ್ರಿಗೆ ಕೆಟ್ಟವರಾಗಲಿಲ್ಲ. ಒಪ್ಪಂದದ ಇನ್ನೊಂದು ತುದಿಯಲ್ಲಿ ಹಿಡಿದುಕೊಳ್ಳುವವರು ಇರಲಿಲ್ಲ. ಚಿತ್ರದುರ್ಗದ ಕೊನೆಯ ಮದಕರಿ ನಾಯಕನನ್ನೇ ತೆಗೆದುಕೊಳ್ಳಿ. ಮೊದಲು ಹೈದರಾಲಿಯ ದಂಡಯಾತ್ರೆಗಳಿಗೆ ತನ್ನ ದಂಡು ಕಟ್ಟಿಕೊಂಡು ಹೋದವನು. ಆಮೇಲೆ ನಡುವೆ ಅನುಮಾನ ಬೆಳೆಯಿತು, ಅತ್ತ ಮರಾಠರ ಒತ್ತಡ. 1779ರಲ್ಲಿ ಅದೇ ಹೈದರಾಲಿ ದುರ್ಗ ತೆಗೆದುಕೊಂಡ. ಒಂದೇ ಅಂಕಿಯಲ್ಲಿ ಇದನ್ನು ಬರೆದರೆ 80 ಇದ್ದದ್ದು 10 ಆಯಿತು ಅಂತ ಮಾತ್ರ ಕಾಣುತ್ತದೆ. ನಡುವೆ ಆದದ್ದೆಲ್ಲ ಮಾಯ.

ಹಾಗಾಗಿ ಪಾತ್ರಕ್ಕೆ ಒಂದು ನಿಷ್ಠೆಯ ಖಾನೆ ಇಡಬೇಡಿ. ಯಾರಿಗೆ, ಯಾವ ಬಗೆ, ಯಾವ ಕಾರಣಕ್ಕೆ ಅನ್ನೋ ಗಂಟುಗಳನ್ನು ಇಡಿ. ಒಬ್ಬ ಮನುಷ್ಯನಲ್ಲಿ ಎರಡು ಮೂರು ಗಂಟುಗಳು ಒಟ್ಟಿಗೇ ಇರಲಿ. ಅವು ಒಂದಕ್ಕೊಂದು ಎದುರಾದಾಗಲೇ ಆಟಕ್ಕೆ ರುಚಿ.

ಎದುರಾದಾಗ ಏನಾಗಬಾರದು ಅನ್ನೋದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 'ಡ್ವಾರ್ಫ್ ಫೋರ್ಟ್ರೆಸ್'. ಅಮೆರಿಕದ ಟಾರ್ನ್ ಆಡಮ್ಸ್, ಜಾಕ್ ಆಡಮ್ಸ್ ಅನ್ನೋ ಅಣ್ಣ ತಮ್ಮ ಸೇರಿ ಕಟ್ಟಿದ್ದು. 2006ರಲ್ಲಿ ಮೊದಲು ಬಿಡುಗಡೆಯಾಯಿತು, 2022ರ ಡಿಸೆಂಬರಿನಲ್ಲಿ ಸ್ಟೀಮ್ ಅನ್ನೋ ಆಟಗಳ ಆನ್‌ಲೈನ್ ಅಂಗಡಿಗೆ ಬಂತು. ಬಹಳ ವರ್ಷ ಅದರ ಪರದೆಯ ಮೇಲೆ ಬರೀ ಅಕ್ಷರಗಳಿದ್ದವು, ಚಿತ್ರವೇ ಇಲ್ಲ. ಆದರೂ ಸಿಮ್ಯುಲೇಶನ್ ಮಾಡುವವರು ಯಾರೂ ಇದನ್ನು ದಾಟಿ ಹೋಗೋಕಾಗಲ್ಲ.

ಈ ಆಟದ ಹಳೆಯ ಆವೃತ್ತಿಗಳಲ್ಲಿ ಒಂದು ದೋಷ ಇತ್ತು. ಆಟಗಾರರು ಅದಕ್ಕೆ ಲಾಯಲ್ಟಿ ಕ್ಯಾಸ್ಕೇಡ್, ಅಂದರೆ ನಿಷ್ಠೆಯ ಸರಣಿ ಕುಸಿತ, ಅಂತ ಹೆಸರಿಟ್ಟರು. ನಿಧಾನವಾಗಿ ಹೇಳ್ತೀನಿ, ಕೇಳಿ. ಕೋಟೆಯ ಪ್ರತಿ ಡ್ವಾರ್ಫ್‌ಗೂ, ಅಂದರೆ ಆಟದ ಕುಳ್ಳ ಮನುಷ್ಯನಿಗೂ, ಎರಡು ಗುರುತು. ಅವನು ತನ್ನ ನಾಡಿನವನು, ಜೊತೆಗೆ ಈ ಕೋಟೆಯವನು. ನಾಡಿನ ಕಡೆಯಿಂದ ವ್ಯಾಪಾರಕ್ಕೆ ಬಂದವನು ನಾಡಿನವನು ಹೌದು, ಕೋಟೆಯವನಲ್ಲ. ಈಗ ಆಟಗಾರ ತನ್ನ ಸೈನಿಕನಿಗೆ ಆ ವ್ಯಾಪಾರಿಯನ್ನು ಹೊಡೆಯಲು ಹೇಳುತ್ತಾನೆ. ಸೈನಿಕ ಹೊಡೆಯುತ್ತಾನೆ. ತಕ್ಷಣ ಆಟದ ಲೆಕ್ಕದಲ್ಲಿ ಅವನು ನಾಡಿನ ಶತ್ರು. ಆದರೆ ಕೋಟೆಯ ಸದಸ್ಯತ್ವ ಹಾಗೇ ಇದೆ. ಪಕ್ಕದಲ್ಲಿದ್ದವನೊಬ್ಬ 'ಇವನು ನಾಡಿನ ಶತ್ರು' ಅಂತ ಅವನ ಮೇಲೆ ಬೀಳುತ್ತಾನೆ. ಬಿದ್ದ ಕೂಡಲೇ ಅವನು ಕೋಟೆಯವನ ಮೇಲೆ ಕೈ ಮಾಡಿದ ಹಾಗಾಯಿತು, ಅವನು ಕೋಟೆಯ ಶತ್ರು. ಮೂರನೆಯವನು ಅವನಿಗೆ ಹೊಡೆಯುತ್ತಾನೆ, ಅವನಿನ್ನೂ ನಾಡಿನವನೇ, ಹಾಗಾಗಿ ಈ ಮೂರನೆಯವನು ನಾಡಿನ ಶತ್ರು. ಹೀಗೇ ಹರಡುತ್ತದೆ. ಬಡಗಿ, ಅಡುಗೆಯವ, ಹಾಲು ಕರೆಯುವವ, ಎಲ್ಲರೂ ಎರಡು ಪಂಗಡವಾಗಿ ಬಡಿದಾಡಿ ಕೋಟೆ ಖಾಲಿಯಾಗುವವರೆಗೆ.

ಆಟಗಾರರು ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ನಗು ಬರುವಂಥದ್ದೇ. ಆದರೆ ಕೋಡ್ ಬರೆಯುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗುರುತುಗಳು ಎರಡು ಇದ್ದದ್ದು ತಪ್ಪಲ್ಲ, ಅದು ಸರಿಯಾದ ಯೋಚನೆ. ಒಂದು ಏಟಿಗೆ ಗುರುತು ಪೂರ್ತಿ ಮಗುಚಿಕೊಂಡದ್ದು ತಪ್ಪು. ನೋಡಿದವರೆಲ್ಲ ಒಂದು ಕ್ಷಣವೂ ಹಿಂದೆ ಮುಂದೆ ನೋಡದೆ ಕತ್ತಿ ಹಿರಿದದ್ದು ತಪ್ಪು. ಎಲ್ಲಕ್ಕಿಂತ ಜಾಸ್ತಿ, ಹೊಡೆಯಲು ಹೇಳಿದವರು ಯಾರು ಅನ್ನೋದು ಎಲ್ಲೂ ದಾಖಲಾಗಲಿಲ್ಲ. ಸೈನಿಕ ಮೇಲಿನವರ ಮಾತು ಕೇಳಿದ. ಸಿಟ್ಟು ಮೇಲಿನವರ ಕಡೆಗೆ ಅಲ್ವಾ ಹೋಗಬೇಕಿತ್ತು?

ಹಾಗಾಗಿ ಘಟನೆಯ ಒಂದು ದಾಖಲೆಯಲ್ಲಿ ನಾಲ್ಕು ಖಾನೆ ಇರಲೇಬೇಕು ಅನ್ನೋದು ನನ್ನ ಹಟ. ಯಾರು ಮಾಡಿದರು, ಯಾರಿಗೆ ಮಾಡಿದರು, ಯಾರ ಮಾತಿನ ಮೇಲೆ ಮಾಡಿದರು, ಯಾರೆದುರು ಮಾಡಿದರು. ಮೊದಲ ಎರಡು ಎಲ್ಲ ಆಟದಲ್ಲೂ ಇರುತ್ತವೆ. ಮೂರನೆಯದು ಬಂದರೆ ಹೊಣೆ ಮೇಲಕ್ಕೆ ಹರಿಯುತ್ತದೆ. ನಾಲ್ಕನೆಯದು ಬಂದರೆ ಸುದ್ದಿ, ಗಾಳಿಮಾತು, ಮುಚ್ಚಿಹಾಕುವುದು ಎಲ್ಲ ತಾನಾಗಿ ಬರುತ್ತದೆ. ಯಾರೂ ನೋಡದ ಕೊಲೆಗೆ ಯಾರ ನಿಷ್ಠೆಯೂ ಬದಲಾಗಬಾರದು. ನೋಡಿದವನು ಬಾಯಿ ಬಿಡುವವರೆಗೆ.

ಈಗ ಸಂಬಂಧಗಳ ಲೆಕ್ಕಕ್ಕೆ ಬರೋಣ. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಅರ್ಧ ಗಣಿತ. ನನಗೆ ನಿಮ್ಮ ಮೇಲಿರುವ ಭಾವನೆ, ನಿಮಗೆ ನನ್ನ ಮೇಲಿರುವ ಭಾವನೆ ಬೇರೆ ಬೇರೆ. ಅಂದರೆ 500 ಪಾತ್ರಗಳಿದ್ದರೆ 2,49,500 ದಾಖಲೆ. ಎಲ್ಲವನ್ನೂ ಇಟ್ಟುಕೊಂಡು ಪ್ರತಿ ತಿಂಗಳು ತಿದ್ದುತ್ತಾ ಕೂತರೆ ಆಟ ತೆವಳುತ್ತದೆ. ಅದಕ್ಕೆ, ಭೇಟಿಯಾದವರ ನಡುವೆ ಮಾತ್ರ ದಾಖಲೆ ಹುಟ್ಟಲಿ. ಉಳಿದವರ ವಿಷಯದಲ್ಲಿ ಊರು, ಮನೆತನ, ಕಸುಬು ನೋಡಿ ಬೇಕಾದಾಗ ಲೆಕ್ಕ ಹಾಕಿದರೆ ಸಾಕು. ನಾವೂ ಹಾಗೇ ತಾನೆ? ಗುರುತಿಲ್ಲದವರ ಬಗ್ಗೆ 'ಯಾವ ಊರಿನವರು?' ಅಂತ ಕೇಳಿಯೇ ಅರ್ಧ ತೀರ್ಮಾನ ಮಾಡಿರುತ್ತೇವೆ.

ಕಾಲ ಸರಿದ ಹಾಗೆ ಸಂಬಂಧ ಹೇಗೆ ಬದಲಾಗಬೇಕು ಅನ್ನೋದಕ್ಕೆ 2004ರ 'ದಿ ಸಿಮ್ಸ್ 2' ಒಂದು ಸರಳ ದಾರಿ ತೋರಿಸಿತು. ಇಬ್ಬರ ನಡುವೆ ಎರಡು ಅಳತೆ ಪಟ್ಟಿ: ಇವತ್ತಿನದು ಒಂದು, ಜೀವಮಾನದ್ದು ಒಂದು. ಇವತ್ತಿನದು ಜಗಳವಾಡಿದರೆ ದಡಕ್ಕನೆ ಇಳಿಯುತ್ತದೆ, ಮಾತಾಡಿದರೆ ಏರುತ್ತದೆ. ಜೀವಮಾನದ್ದು ನಿಧಾನ. ಗಂಡ ಹೆಂಡತಿ ಬೆಳಿಗ್ಗೆ ಮುಖ ಮುರಿದುಕೊಂಡು ಸಂಜೆ ಒಟ್ಟಿಗೆ ಕಾಫಿ ಕುಡಿಯುವುದು ಇಷ್ಟರಿಂದಲೇ ಸಾಧ್ಯವಾಯಿತು.

ಡ್ವಾರ್ಫ್ ಫೋರ್ಟ್ರೆಸ್ ಇನ್ನೂ ಮುಂದೆ ಹೋಯಿತು. ಅಲ್ಲಿ ನೆನಪಿಗೆ ಜಾಗ ಸೀಮಿತ. ಹೊಸ ನೆನಪುಗಳಿಗೆ ಎಂಟು ಜಾಗ, ಹಳೆಯ ನೆನಪುಗಳಿಗೆ ಎಂಟು. ಗಟ್ಟಿಯಾದದ್ದು ಬಂದರೆ ಸಪ್ಪೆಯಾದದ್ದು ಬಿದ್ದುಹೋಗುತ್ತದೆ. ಉಳಿದದ್ದು ಮತ್ತೆ ಮತ್ತೆ ನೆನಪಾಗಿ ಸ್ವಭಾವವನ್ನೇ ಬದಲಿಸಬಹುದು. ಬಹಳ ಒಳ್ಳೆಯ ಯೋಚನೆ. ಅದು ಬಂದ ಹೊಸತರಲ್ಲಿ ಕೆಲವು ಡ್ವಾರ್ಫ್‌ಗಳು ಒಮ್ಮೆ ಮಳೆಯಲ್ಲಿ ನೆನೆದದ್ದನ್ನು ವರ್ಷಗಟ್ಟಲೆ ನೆನೆಸಿಕೊಂಡು ಕೊರಗುತ್ತಿದ್ದವು. ಪಾಪ, ಆಗುಂಬೆಯಲ್ಲಿ ಹುಟ್ಟಿದ್ದರೆ ಏನು ಗತಿ!

2014ರ 'ಶ್ಯಾಡೋ ಆಫ್ ಮೊರ್ಡೋರ್' ಆಟವನ್ನೂ ಇಲ್ಲಿ ಹೇಳಬೇಕು. ನಿಮ್ಮನ್ನು ಕೊಂದ ಸಾಮಾನ್ಯ ಸೈನಿಕನಿಗೆ ಬಡ್ತಿ ಸಿಗುತ್ತದೆ. ನೀವು ಮರಳಿ ಬಂದಾಗ 'ನಿನ್ನನ್ನು ಕೊಂದಿದ್ದೆನಲ್ಲ' ಅಂತ ಮುಖಕ್ಕೇ ಕೇಳುತ್ತಾನೆ. ನೆನಪನ್ನು ಎದುರು ನಿಂತು ಬಾಯಿಬಿಟ್ಟು ಹೇಳಿಸಿದ್ದು ಅದರ ಗೆಲುವು. ಆ ವ್ಯವಸ್ಥೆಗೆ ವಾರ್ನರ್ ಬ್ರದರ್ಸ್‌ಗೆ 2021ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಹಗೆ ನೆನಪಿಟ್ಟುಕೊಳ್ಳುವುದಕ್ಕೂ ಪೇಟೆಂಟಾ ಅಂತ ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಇದೆ. ಇರಲಿ.

ಜಗತ್ತಿನ ರಚನೆಗೆ ಬರ್ತೀನಿ. 1984ರಲ್ಲಿ ಡೇವಿಡ್ ಬ್ರಾಬೆನ್, ಇಯಾನ್ ಬೆಲ್ ಅನ್ನೋ ಇಬ್ಬರು ವಿದ್ಯಾರ್ಥಿಗಳು 'ಎಲೀಟ್' ಅನ್ನೋ ಬಾಹ್ಯಾಕಾಶದ ಆಟ ಮಾಡಿದರು. ಬಿಬಿಸಿ ಮೈಕ್ರೋ ಕಂಪ್ಯೂಟರ್, ಒಟ್ಟು 32 ಕೆಬಿ ಮೆಮೊರಿ. ಅದರೊಳಗೆ ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಒಂದನ್ನೂ ಮೊದಲೇ ಬರೆದಿಟ್ಟಿರಲಿಲ್ಲ. ಮೂರು ಸಂಖ್ಯೆಗಳ ಸೀಡಿನಿಂದ, ಅಂದರೆ ಲೆಕ್ಕ ಶುರುವಾಗುವ ಬೀಜದಿಂದ, ಹೆಸರು, ಸರ್ಕಾರ, ಸಂಪತ್ತು ಎಲ್ಲ ಲೆಕ್ಕವಾಗಿ ಬರುತ್ತಿತ್ತು. ಅದೇ ಸೀಡ್ ಕೊಟ್ಟರೆ ಅದೇ ಜಗತ್ತು. ಒಂದು ಗ್ಯಾಲಕ್ಸಿಯಲ್ಲಿ ಒಂದು ಗ್ರಹಕ್ಕೆ ಇಂಗ್ಲಿಷಿನ ಪೋಲಿ ಪದವೇ ಹೆಸರಾಗಿ ಬಂತಂತೆ, ಇಡೀ ಗ್ಯಾಲಕ್ಸಿಯನ್ನೇ ತೆಗೆದುಹಾಕಬೇಕಾಯಿತು. ಕನ್ನಡದಲ್ಲಿ ಊರ ಹೆಸರು ಹುಟ್ಟಿಸುವ ಕೋಡ್ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಿ. ಎರಡು ಅಕ್ಷರ ಜೋಡಿಸಿದರೆ ಏನೇನು ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಇಬ್ಬರ ಲೆಕ್ಕದಲ್ಲಿ ಗ್ಯಾಲಕ್ಸಿಗಳ ಸಂಖ್ಯೆಗೆ ಮಿತಿಯೇ ಇರಲಿಲ್ಲ ಅನ್ನಬಹುದು. ಪ್ರಕಾಶಕರು ಬೇಡ ಅಂದರು, ಅಷ್ಟು ಜಾಸ್ತಿ ಕೊಟ್ಟರೆ ಇದು ಯಂತ್ರದ ಕೆಲಸ ಅಂತ ಗೊತ್ತಾಗಿಬಿಡುತ್ತದೆ ಅಂತ. ಬಹಳ ಸೂಕ್ಷ್ಮವಾದ ಮಾತು. 2016ರಲ್ಲಿ 'ನೋ ಮ್ಯಾನ್ಸ್ ಸ್ಕೈ' 18 ಕ್ವಿಂಟಿಲಿಯನ್ ಗ್ರಹಗಳೊಂದಿಗೆ ಬಂತು. 18ರ ಮುಂದೆ ಹದಿನೆಂಟು ಸೊನ್ನೆ. ಮೊದಲ ದಿನಗಳಲ್ಲಿ ಜನ ಮಾಡಿದ ದೊಡ್ಡ ದೂರು ಎಲ್ಲ ಒಂದೇ ಥರ ಇದೆ ಅಂತ. ಕೇಟ್ ಕಾಂಪ್ಟನ್ ಅನ್ನೋ ವಿನ್ಯಾಸಕಿ ಇದನ್ನು ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿಯ ಸಮಸ್ಯೆ ಅಂತ ಕರೆದಿದ್ದಾರೆ. ಗಣಿತದ ಪ್ರಕಾರ ಪ್ರತಿ ಬಟ್ಟಲೂ ಬೇರೆ, ಕಾಳು ಬಿದ್ದ ಜಾಗ ಬೇರೆ. ತಿನ್ನುವವರಿಗೆ ಎಲ್ಲ ಗಂಜಿ.

ಬೆಟ್ಟ ಗುಡ್ಡ ಹುಟ್ಟಿಸುವುದು ಇವತ್ತು ಕಷ್ಟವಲ್ಲ. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ ವಿಧಾನ (ಸಹಜವಾಗಿ ಏರಿಳಿಯುವ ಅಂಕಿಗಳನ್ನು ಹುಟ್ಟಿಸುವ ಲೆಕ್ಕ) ಹೆಚ್ಚಿನ ಗೇಮ್ ಎಂಜಿನ್ನುಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಕಷ್ಟ ಇರುವುದು, ಆ ಗುಡ್ಡದ ಈಚೆಗಿನವನಿಗೂ ಆಚೆಗಿನವನಿಗೂ ಏನು ವ್ಯತ್ಯಾಸ ಅನ್ನೋದರಲ್ಲಿ. ಡ್ವಾರ್ಫ್ ಫೋರ್ಟ್ರೆಸ್ ಇದನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿ ಕಾಡು, ಮರಳುಗಾಡು ಅಂತ ನೇರ ಬಣ್ಣ ಬಳಿಯುವುದಿಲ್ಲ. ಎತ್ತರ, ಮಳೆ, ಉಷ್ಣಾಂಶ, ನೀರು ಬಸಿಯುವ ಗುಣ ಇವನ್ನು ಬೇರೆ ಬೇರೆ ಹುಟ್ಟಿಸಿ, ಅವು ಕೂಡಿದ ಕಡೆ ಏನು ಬೆಳೆಯುತ್ತದೆ ಅಂತ ನೋಡುತ್ತದೆ. ಮಳೆ ಜಾಸ್ತಿ, ನೀರು ಬಸಿಯದಿದ್ದರೆ ಜವುಗು. ಮಳೆ ಜಾಸ್ತಿ, ನೀರು ಬಸಿದರೆ ಕಾಡು. ಬೆಟ್ಟದ ಮಳೆ ನೆರಳನ್ನೂ, ಅಂದರೆ ಬೆಟ್ಟ ಮೋಡ ತಡೆದು ಆಚೆ ಬದಿ ಒಣಗುವುದನ್ನೂ, ಲೆಕ್ಕ ಹಾಕುತ್ತದೆ. ಆಮೇಲೆ ನದಿ ಹರಿಸಿ ಬೆಟ್ಟ ಸವೆಸುತ್ತದೆ. ಅದಾದ ಮೇಲೆ ಜನರನ್ನು ಇಳಿಸಿ, ನೂರಾರು ವರ್ಷದ ಇತಿಹಾಸ ಓಡಿಸಿ, ಆಮೇಲೆ ನಿಮ್ಮ ಕೈಗೆ ಆಟ ಕೊಡುತ್ತದೆ.

ಮಳೆ ನೆರಳು ಅಂದರೆ ನಮಗೆ ಪಾಠ ಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ ಚಿತ್ರದುರ್ಗ 160 ಕಿ.ಮೀ. ಆಸುಪಾಸು, ಅಲ್ಲಿ ಮಳೆ 600 ಮಿ.ಮೀ. ಆಚೀಚೆ. ಇದನ್ನು ಆಟದಲ್ಲಿ ತರೋದು ತುಂಬಾ ಸುಲಭ. ಮ್ಯಾಪಿನ ಪ್ರತಿ ಸಾಲಿನಲ್ಲೂ ಪಶ್ಚಿಮದಿಂದ ಒಂದು ಮೋಡ ಹೊರಡಿಸಿ, ಅದರಲ್ಲಿ 100 ನೀರು ಇಡಿ. ಕರಾವಳಿಯ ಚೌಕದಲ್ಲಿ ಹತ್ತರಲ್ಲೊಂದು ಪಾಲು ಸುರಿಯಲಿ, 90 ಉಳಿಯಿತು. ಘಟ್ಟ ಏರುವಾಗ ಅರ್ಧ ಸುರಿಯಲಿ, 45. ಮಲೆನಾಡಿನಲ್ಲಿ ಮೂರರಲ್ಲೊಂದು, 30. ಬಯಲಿಗೆ ಬಂದಮೇಲೆ ಚೌಕಕ್ಕೆ ಹತ್ತರಲ್ಲೊಂದರಂತೆ ಮೂರು, ಎರಡು ಮುಕ್ಕಾಲು, ಎರಡೂವರೆ. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಲ ಓಡುವ ಲೂಪ್ ಇದು. ಇಷ್ಟಕ್ಕೇ ಅಡಿಕೆ ಎಲ್ಲಿ, ಭತ್ತ ಎಲ್ಲಿ, ರಾಗಿ ಎಲ್ಲಿ, ಕುರಿ ಎಲ್ಲಿ ಅಂತ ಗೊತ್ತಾಗಿಬಿಡುತ್ತದೆ. ಯಾವ ಸೀಮೆಯಿಂದ ಎಷ್ಟು ಕಂದಾಯ ಅನ್ನೋದೂ ಅದರ ಹಿಂದೆಯೇ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ತಂದ 'ಶಿಸ್ತು' ಅನ್ನೋ ಕಂದಾಯ ಪದ್ಧತಿಯಲ್ಲಿ ಭೂಮಿಯನ್ನು ಫಲವತ್ತತೆ ನೋಡಿ ತರ ತರ ಮಾಡಿಯೇ ಕಂದಾಯ ಕಟ್ಟಿದ್ದು.

ಈಗ ನನಗೆ ಬಹಳ ಇಷ್ಟವಾದ ಭಾಗ. ಬಯಲುಸೀಮೆಯ ಮ್ಯಾಪಿನಲ್ಲಿ ಪ್ರತಿ ಚೌಕದ ನೀರನ್ನು ಅದರ ಪಕ್ಕದ ತಗ್ಗಿನ ಚೌಕಕ್ಕೆ ಹರಿಸಿ. ಹರಿವು ಸೇರಿ, ಕಣಿವೆ ಕಿರಿದಾಗುವ ಕಡೆ ಒಂದು ಏರಿ ಹಾಕಿ. ಕೆರೆಯಾಯಿತು. ಕೆರೆಗೊಂದು ಊರು. ಕೆರೆ ತುಂಬಿದರೆ ಕೋಡಿ ಹರಿಯುತ್ತದೆ, ಕೋಡಿಯ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ನಮ್ಮ ನಾಡಿನ ಕೆರೆಗಳು ಹೀಗೆ ಸಾಲಾಗಿ ಒಂದಕ್ಕೊಂದು ಕಟ್ಟಿಕೊಂಡಿರುವುದು ನಿಮಗೆ ಗೊತ್ತು. ಕಂಪ್ಯೂಟರಿನ ಕಣ್ಣಿಗೆ ಇದೊಂದು ಮರದ ಹಾಗೆ ಕವಲೊಡೆದ ಜಾಲ. ಯಾವ ಊರು ಯಾವ ಊರಿನ ಮೇಲಿದೆ, ಯಾರ ನೀರು ಯಾರ ಕೈಯಲ್ಲಿದೆ ಅನ್ನೋದು ಒಬ್ಬ ಪಾತ್ರ ಹುಟ್ಟುವ ಮೊದಲೇ ತೀರ್ಮಾನವಾಗಿದೆ.

ಮೇಲಿನ ಊರು ಹಿರೇಕೆರೆ, ಕೆಳಗಿನದು ಚಿಕ್ಕೆರೆ ಅನ್ನೋಣ. ಮಳೆ ಚೆನ್ನಾಗಿರುವ ವರ್ಷಗಳಲ್ಲಿ ಎರಡೂ ಊರಿಗೆ ಹೆಣ್ಣು ಕೊಟ್ಟು ತರುವ ಬಳಕೆ. ಇದಕ್ಕೂ ನಿಯಮ ಸರಳ: ಹತ್ತಿರದ ಊರು, ಜಗಳ ಇಲ್ಲ, ಹೊಟ್ಟೆಗಿದೆ ಅಂದರೆ ಮದುವೆಯ ಸಾಧ್ಯತೆ ಹೆಚ್ಚು. ಹಾಗಾಗಿ ಎರಡು ಊರಿನ ಗೌಡರು ಬೀಗರು. ಆಮೇಲೆ ಮಳೆ ಕೈಕೊಡುತ್ತದೆ. ಹಿರೇಕೆರೆಯವರು ರಾತ್ರೋರಾತ್ರಿ ಕೋಡಿಯ ಮೇಲೆ ಒಂದು ಸಾಲು ಕಲ್ಲಿಟ್ಟು ಮಣ್ಣು ಮೆತ್ತುತ್ತಾರೆ. ಒಂದೇ ಸಾಲು. ಅವರ ಕೆರೆಯಲ್ಲಿ ಒಂದು ಮೊಳ ನೀರು ಜಾಸ್ತಿ ನಿಲ್ಲುತ್ತದೆ, ಚಿಕ್ಕೆರೆಗೆ ಆ ವರ್ಷ ಹನಿ ನೀರೂ ಇಳಿಯುವುದಿಲ್ಲ.

ಕೋಡ್ ಏನು ಮಾಡಬೇಕು? ಚಿಕ್ಕೆರೆಯವರ ಅಭಿಪ್ರಾಯ ಮೈನಸ್ ಮೂವತ್ತು ಅಂತ ಬರೆದು ಕೈತೊಳೆದುಕೊಳ್ಳಬಹುದು. ಬೇಡ. ನಾಲ್ಕು ಖಾನೆ ತುಂಬಿ. ಕಲ್ಲಿಟ್ಟವರು ಇಬ್ಬರು ಆಳುಗಳು. ಇಡಿಸಿದವನು ಹಿರೇಕೆರೆ ಗೌಡ. ನೋಡಿದವನು ನೀರುಗಂಟಿ. ನೀರುಗಂಟಿಯ ಅಕ್ಕನನ್ನು ಚಿಕ್ಕೆರೆಗೆ ಕೊಟ್ಟಿದೆ. ಎರಡು ದಿನ ಬಾಯಿ ಬಿಡಲಿಲ್ಲ, ಮೂರನೆಯ ದಿನ ಅಕ್ಕನ ಮನೆಗೆ ಹೋದ. ಸುದ್ದಿ ಮುಟ್ಟಿತು.

ಚಿಕ್ಕೆರೆ ಗೌಡ ದೊಣ್ಣೆ ಹಿಡಿದು ಹೋಗುವುದಿಲ್ಲ, ಯಾಕಂದರೆ ಬೀಗತನದ ಗಂಟು ತಡೆಯುತ್ತದೆ. ಬರಿಗೈಲಿ ಹೋಗುತ್ತಾನೆ. 'ಬೀಗರೇ, ಕೋಡಿ ಎತ್ತರ ಆದ ಹಾಗಿದೆಯಲ್ಲ' ಅನ್ನುತ್ತಾನೆ. ಹಿರೇಕೆರೆ ಗೌಡ 'ಹೋದ ವರ್ಷ ಮಳೆಗೆ ಕೊಚ್ಚಿಹೋಗಿತ್ತು ಬೀಗರೇ, ಸುಮ್ನೆ ರಿಪೇರಿ ಮಾಡಿಸಿದೆ' ಅನ್ನುತ್ತಾನೆ. ಇಬ್ಬರಿಗೂ ಸತ್ಯ ಗೊತ್ತು. ಮಾತು ನಾಯಕನ ಚಾವಡಿಗೆ ಹೋಗುತ್ತದೆ. ನಾಯಕ ಅಂದರೆ ನೀವು, ಆಟಗಾರ. ಕಲ್ಲು ತೆಗೆಸಿದರೆ ಹೆಚ್ಚು ಕಂದಾಯ ಕೊಡುವ ಹಿರೇಕೆರೆ ಒಣಗುತ್ತದೆ. ಬಿಟ್ಟರೆ ಚಿಕ್ಕೆರೆ ಕೈಬಿಡುತ್ತದೆ. ನೀವು ಖಜಾನೆ ನೋಡಿ ಸುಮ್ಮನಿದ್ದಿರಿ ಅನ್ನಿ.

ಐದಾರು ವರ್ಷ ಆದಮೇಲೆ ಪಕ್ಕದ ಪಾಳೆಯಗಾರ ಗಡಿ ದಾಟುತ್ತಾನೆ. ನೀವು ಊರೂರಿಗೆ ಓಲೆ ಕಳಿಸುತ್ತೀರಿ. ಚಿಕ್ಕೆರೆಯಿಂದ ನಲವತ್ತು ಜನ ಬರಬೇಕಿತ್ತು, ಹದಿನೆಂಟು ಜನ ಬಂದರು. ಬಂದವರೂ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಯಾಕೆ ಅಂತ ಮೌಸ್ ಇಟ್ಟು ನೋಡಿದರೆ ಅಲ್ಲಿ ಅಂಕಿ ಕಾಣಬಾರದು. 'ಬರದ ವರ್ಷ ಕೋಡಿ ನ್ಯಾಯಕ್ಕೆ ಬಂದಿದ್ದೆವು, ಒಡೆಯರು ಮಾತಾಡಲಿಲ್ಲ' ಅಂತ ಒಂದು ಸಾಲು ಕಾಣಬೇಕು. ಆ ಸಾಲನ್ನು ನಾವು ಯಾರೂ ಕೂತು ಬರೆದಿಲ್ಲ. ಘಟ್ಟ ಮೋಡವನ್ನು ತಡೆದದ್ದರಿಂದ ಶುರುವಾಗಿ ಒಂದೊಂದೇ ಹೆಜ್ಜೆ ಇಳಿದು ಬಂದದ್ದು ಅದು.

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 'ಕೇವ್ಸ್ ಆಫ್ ಕಡ್' ಅನ್ನೋ ಆಟ, 2024ರ ಡಿಸೆಂಬರಿನಲ್ಲಿ ಅದರ ಪೂರ್ಣ ಆವೃತ್ತಿ ಬಂತು. ಅದರಲ್ಲಿ ಹಳೆಯ ಸುಲ್ತಾನರ ಇತಿಹಾಸವನ್ನು ಆಟವೇ ಹುಟ್ಟಿಸುತ್ತದೆ. ಆದರೆ ಕಾರಣದಿಂದ ಪರಿಣಾಮಕ್ಕೆ ಹೋಗುವುದಿಲ್ಲ. ಮೊದಲು ಘಟನೆ ಆರಿಸುತ್ತದೆ, ಸುಲ್ತಾನ ಒಂದು ನಗರಕ್ಕೆ ಮುತ್ತಿಗೆ ಹಾಕಿದ ಅಂತ. ಆಮೇಲೆ ಅವನ ಬದುಕಿನ ಹಿಂದಿನ ವಿವರಗಳಲ್ಲಿ ಹುಡುಕಿ ಅದಕ್ಕೊಂದು ಕಾರಣ ಅಂಟಿಸುತ್ತದೆ. ಓದುವವರಿಗೆ ಅದು ಪುರಾಣದ ಹಾಗೆ ಕೇಳಿಸುತ್ತದೆ. ಪುರಾಣಗಳು ಹುಟ್ಟುವುದೂ ಹಾಗೇ ಇರಬಹುದು. ಸಾವಿರ ವರ್ಷದ ಹಿಂದಿನ ಕಥೆಗೆ ಇದು ಸಾಕು, ಕಂಪ್ಯೂಟರಿಗೂ ಅಗ್ಗ. ಆದರೆ ಆಟಗಾರನ ಕಣ್ಣೆದುರು ನಡೆಯುವ ಸಂಬಂಧಗಳಿಗೆ ಇದು ಆಗಿಬರುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾರಣವನ್ನು ಆಮೇಲೆ ಅಂಟಿಸಿದ್ದಾದರೆ ಆಟಗಾರ ಅದನ್ನು ತಡೆಯಲಾರ. ಕೋಡಿ ಕಲ್ಲು ತೆಗೆಸಿದ್ದರೆ ನಲವತ್ತು ಜನ ಬರುತ್ತಿದ್ದರು ಅನ್ನೋದು ನಿಜವಾಗಿರಬೇಕು. ಸುಳ್ಳಾದರೆ ಅವನು ಬೇಗ ಪತ್ತೆ ಹಚ್ಚುತ್ತಾನೆ.

ಕೊನೆಯದಾಗಿ, ಪರೀಕ್ಷೆ ಮಾಡುವುದು ಹೇಗೆ ಅಂತ ಕೆಲವರು ಕೇಳಿದ್ದಿರಿ. ಆಟಗಾರನಿಲ್ಲದೆ ನೂರು ವರ್ಷ ಓಡಿಸಿ, ಎಲ್ಲ ಘಟನೆಗಳನ್ನೂ ಒಂದು ಫೈಲಿಗೆ ಬರೆಸಿ. ಗ್ರಾಫಿಕ್ಸ್ ಬೇಡ, ಎರಡು ಮೂರು ಊರು ಸಾಕು. ಆಮೇಲೆ ಅದೇ ಸೀಡ್ ಇಟ್ಟುಕೊಂಡು ಒಂದೇ ಒಂದು ಕೋಡಿಯ ಎತ್ತರವನ್ನು ಒಂದು ಮೊಳ ಏರಿಸಿ ಮತ್ತೆ ಓಡಿಸಿ. ಒಂದು ಎಚ್ಚರಿಕೆ: ಎಲ್ಲ ಕೆಲಸಕ್ಕೂ ಒಂದೇ ರ್‍ಯಾಂಡಮ್ ಅಂಕಿಗಳ ಸಾಲು ಬಳಸಬೇಡಿ. ಮಳೆಗೊಂದು, ಮದುವೆಗೊಂದು, ಜಗಳಕ್ಕೊಂದು ಬೇರೆ ಬೇರೆ ಸಾಲು ಇರಲಿ. ಇಲ್ಲದಿದ್ದರೆ ಒಂದು ಕಡೆ ಒಂದು ಅಂಕಿ ಹೆಚ್ಚು ಖರ್ಚಾದರೂ ಉಳಿದದ್ದೆಲ್ಲ ಅದಲುಬದಲಾಗಿ, ಬದಲಾವಣೆ ಕೋಡಿಯಿಂದ ಬಂತೋ ಅದೃಷ್ಟದಿಂದ ಬಂತೋ ಗೊತ್ತಾಗುವುದಿಲ್ಲ. ಎರಡೂ ಫೈಲುಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ಬರಗಾಲದ ವರ್ಷಗಳು ಎರಡರಲ್ಲೂ ಒಂದೇ ಇರಬೇಕು. ಮದುವೆಗಳು, ವ್ಯಾಜ್ಯಗಳು, ದಂಡಿಗೆ ಬಂದವರ ಲೆಕ್ಕ ಬೇರೆಯಾಗಿರಬೇಕು, ಅದೂ ಆ ಕೋಡಿಯ ಕೆಳಗಿನ ಊರುಗಳಿಂದ ಶುರುವಾಗಿ. ಎರಡೂ ಫೈಲು ಒಂದೇ ಥರ ಇದ್ದರೆ ನಿಮ್ಮ ಮ್ಯಾಪು ಬರೀ ಹಿನ್ನೆಲೆಯ ಪರದೆ. ನಿಷ್ಠೆಯ ಕೋಡ್‌ಗೆ ಕೈಹಾಕುವ ಮೊದಲು ನೀರಿನ ಕೋಡ್ ಸರಿಮಾಡಿ.